ರೂಟರಿಗೆ ಮಿನಿ ಯುಪಿಎಸ್: ಡಬ್ಬಿಗಿಂತ ಮೊದಲು ಅಡಾಪ್ಟರ್ ನೋಡಿ

ಕರೆಂಟು ಹೋಗಿ ಎರಡೇ ಸೆಕೆಂಡಿಗೆ ವಾಪಸ್ ಬಂದರೂ ಇಂಟರ್ನೆಟ್ ಬರಲು ಎರಡು ಮೂರು ನಿಮಿಷ ಬೇಕು. ರೂಟರ್ ಮೊದಲಿಂದ ಶುರುವಾಗಬೇಕು, ಫೈಬರ್ ಪೆಟ್ಟಿಗೆ ಆ ಕಡೆಯ ಎಕ್ಸ್‌ಚೇಂಜಿನ ಜೊತೆ ಮತ್ತೆ ಸಂಪರ್ಕ ಕುದುರಿಸಿಕೊಳ್ಳಬೇಕು, ಆಮೇಲೆ ವೈಫೈ ಎದ್ದು ಲ್ಯಾಪ್‌ಟಾಪು ಅದನ್ನು ಹುಡುಕಿ ಹಿಡಿಯಬೇಕು. ಅಷ್ಟರಲ್ಲಿ ಮೀಟಿಂಗು ಎಲ್ಲಿಗೋ ಹೋಗಿರುತ್ತದೆ. ಲ್ಯಾಪ್‌ಟಾಪಿನೊಳಗೆ ಬ್ಯಾಟರಿ ಇದೆ, ಫೋನಿನೊಳಗೂ ಇದೆ. ಇವೆರಡಕ್ಕೂ ದಾರಿ ಮಾಡಿಕೊಡುವ ರೂಟರಿಗೆ ಮಾತ್ರ ಇಲ್ಲ. ಆ ಕೊರತೆ ತುಂಬುವ ಸಾಧನವೇ ಮಿನಿ ಯುಪಿಎಸ್: ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಒಳಗೆ ನಾಲ್ಕು ಲಿಥಿಯಂ ಸೆಲ್ಲು, ಒಂದು ಸರ್ಕ್ಯೂಟ್ ಬೋರ್ಡು.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಹಲವು ಹೆಸರುಗಳಲ್ಲಿ ಸಿಗುವ ಸಾಮಾನ್ಯ ಮಾದರಿ. 12 ವೋಲ್ಟ್, 2 ಆಂಪಿಯರ್ ಔಟ್‌ಪುಟ್; ಮೇಲೆ 8,800 ಎಂಎಎಚ್ ಎಂಬ ಬರಹ. ಮನೆಯಿಂದ ಕೆಲಸ ಮಾಡುವವರಿಗೆ ಇದಕ್ಕಿಂತ ಉಪಯುಕ್ತವಾದ ಚಿಕ್ಕ ಸಾಧನ ಹುಡುಕುವುದು ಕಷ್ಟ. ಆದರೆ ಕೊಂಡವರಲ್ಲಿ ಅನೇಕರು ತಿಂಗಳೊಳಗೆ ದೂರು ಹೇಳುತ್ತಾರೆ, ಮತ್ತು ಆ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಡಬ್ಬಿಯಲ್ಲ, ಅದಕ್ಕೆ ಸಿಕ್ಕಿಸಿದ ಅಡಾಪ್ಟರ್ ಅಥವಾ ಪಿನ್ನು.

ಜೋಡಣೆ ಸುಲಭ. ಅಡಾಪ್ಟರಿನ ಪಿನ್ನು ಡಬ್ಬಿಯ ‘ಇನ್’ ತೂತಿಗೆ ಹೋಗುತ್ತದೆ. ಜೊತೆಗೆ ಕೊಟ್ಟ ಗಿಡ್ಡ ವೈರಿನ ಒಂದು ತುದಿ ‘ಔಟ್’ಗೆ, ಇನ್ನೊಂದು ತುದಿ ರೂಟರಿಗೆ. ಎರಡೂ ತೂತುಗಳು ಒಂದೇ ಅಳತೆಯವು, ಅಕ್ಕಪಕ್ಕದಲ್ಲೇ ಇರುತ್ತವೆ, ಎಷ್ಟೋ ಡಬ್ಬಿಗಳಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಉಬ್ಬಿದ ಕಪ್ಪು ಅಕ್ಷರವಷ್ಟೇ ಗುರುತು. ಟಾರ್ಚ್ ಹಿಡಿದು ಓದಿ ಸಿಕ್ಕಿಸಿ. ‘ಔಟ್’ಗೆ ಅಡಾಪ್ಟರ್ ಚುಚ್ಚಿದರೆ ಬೋರ್ಡು ಹಾಳಾಗಬಹುದು. 9 ಮತ್ತು 12 ವೋಲ್ಟಿಗೆ ಬದಲಿಸುವ ಸಣ್ಣ ಸ್ವಿಚ್ ಇರುವ ಮಾದರಿಯಾದರೆ ರೂಟರಿಗೆ ಸಿಕ್ಕಿಸುವ ಮೊದಲೇ ಅದನ್ನು ಸರಿಯಾಗಿಟ್ಟು, ಮೇಲೊಂದು ಟೇಪು ಅಂಟಿಸಿಬಿಡಿ. ಒರೆಸುವಾಗ ಬಟ್ಟೆ ತಗುಲಿ ಸರಿದರೂ ಸಾಕು, 9 ವೋಲ್ಟಿನ ರೂಟರಿಗೆ 12 ಹೋಗಿ ಸುಡುವ ಸಾಧ್ಯತೆ ಇದೆ. 5 ವೋಲ್ಟಿನ ರೂಟರಿಗೆ 12 ಕೊಟ್ಟರೆ ಅದು ಉಳಿಯುವ ಮಾತೇ ಇಲ್ಲ.

ಮನೆಯ ಇನ್ವರ್ಟರಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಇನ್ವರ್ಟರು ಕರೆಂಟು ಹೋದದ್ದನ್ನು ಗಮನಿಸಿ, ರಿಲೇ (ದಾರಿ ಬದಲಿಸುವ ಸ್ವಿಚ್) ಬದಲಿಸಿ, ಆಮೇಲೆ ಬ್ಯಾಟರಿಯಿಂದ ಕೊಡುತ್ತದೆ. ಆ ಕ್ಷಣದ ಅಂತರವನ್ನು ಕೆಲವು ರೂಟರ್‌ಗಳು ತಡೆದುಕೊಳ್ಳುತ್ತವೆ, ಕೆಲವು ತಡೆದುಕೊಳ್ಳದೆ ರೀಸ್ಟಾರ್ಟ್ ಆಗುತ್ತವೆ. ಮಿನಿ ಯುಪಿಎಸ್‌ನಲ್ಲಿ ಬ್ಯಾಟರಿ ಡಿಸಿ ಸಾಲಿನಲ್ಲೇ, ಅಂದರೆ ಅಡಾಪ್ಟರಿನಿಂದ ರೂಟರಿಗೆ ಹೋಗುವ ಸಾಲಿನಲ್ಲೇ, ಸದಾ ಕೂಡಿಕೊಂಡಿರುತ್ತದೆ. ಅಡಾಪ್ಟರಿನ ವೋಲ್ಟೇಜು ಕುಸಿದೊಡನೆ ಬ್ಯಾಟರಿ ಹೊರೆ ಹೊತ್ತುಕೊಳ್ಳುತ್ತದೆ. ಪರೀಕ್ಷೆ ಸರಳ: ಲ್ಯಾಪ್‌ಟಾಪಿನಲ್ಲಿ ಪಿಂಗ್ (ಸಂಪರ್ಕ ಇದೆಯೇ ಎಂದು ಮತ್ತೆ ಮತ್ತೆ ಕೇಳಿ, ಉತ್ತರವನ್ನು ಒಂದೊಂದು ಸಾಲಾಗಿ ತೋರಿಸುವ ಆಜ್ಞೆ) ಓಡಿಸಿಟ್ಟು ಗೋಡೆಯ ಸ್ವಿಚ್ ಆರಿಸಿ. ಸಾಲುಗಳು ಒಂದೂ ತಪ್ಪದೆ ಬರುತ್ತಿರಬೇಕು. ಒಂದೇ ಒಂದು ಬಾರಿಯಾದರೂ ರೂಟರಿನ ದೀಪ ಆರಿ ಹತ್ತಿದರೆ ಆ ಡಬ್ಬಿ ಹಿಂದಿರುಗಿಸಲು ತಕ್ಕದ್ದು, ಇಲ್ಲವೇ ಪಿನ್ನು ಸಡಿಲ.

ಆ ಪಿನ್ನಿನ ವಿಷಯ ಸ್ವಲ್ಪ ಹತ್ತಿರದಿಂದ ನೋಡುವಂಥದು. ರೂಟರಿನ ಗುಂಡು ಪಿನ್ನು ಸಾಮಾನ್ಯವಾಗಿ ಹೊರಗಿನಿಂದ 5.5 ಮಿ.ಮೀ. ಇರುತ್ತದೆ, ಮಧ್ಯದ ತೂತು ಮಾತ್ರ 2.1 ಅಥವಾ 2.5 ಮಿ.ಮೀ. ಹೊರಗಿನಿಂದ ಎರಡಕ್ಕೂ ಏನೂ ಭೇದ ಕಾಣುವುದಿಲ್ಲ. ರೂಟರಿನೊಳಗಿನ ಕಡ್ಡಿ 2.5 ಆಗಿದ್ದು ವೈರಿನ ಪಿನ್ನು 2.1 ಆಗಿದ್ದರೆ ಒಳಗೇ ಹೋಗುವುದಿಲ್ಲ, ಅಲ್ಲಿಗೆ ತಪ್ಪು ಗೊತ್ತಾಗುತ್ತದೆ. ತೊಂದರೆ ಕೊಡುವುದು ಅದರ ತಿರುವುಮುರುವು. 2.1ರ ಕಡ್ಡಿಗೆ 2.5ರ ಪಿನ್ನು ಸಲೀಸಾಗಿ ಕೂರುತ್ತದೆ, ರೂಟರ್ ಹತ್ತುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಆದರೆ ಕಡ್ಡಿಯ ಸುತ್ತ 0.4 ಮಿ.ಮೀ. ಸಡಿಲ. ಬಾಗಿಲು ಜೋರಾಗಿ ಹಾಕಿದಾಗ, ವೈರಿಗೆ ಕೈ ತಗುಲಿದಾಗ ಅರೆಕ್ಷಣ ಸಂಪರ್ಕ ತಪ್ಪುತ್ತದೆ. ‘ದಿನಕ್ಕೆರಡು ಸಲ ಕಾರಣವಿಲ್ಲದೆ ರೀಸ್ಟಾರ್ಟ್’ ಎನ್ನುವವರು ಮೊದಲು ಪಿನ್ನನ್ನು ಮೆಲ್ಲಗೆ ಅಲ್ಲಾಡಿಸಿ ನೋಡಲಿ. ದೀಪ ಮಿನುಗಿದರೆ ಕಾರಣ ಸಿಕ್ಕಿತು. ಸರಿಯಳತೆಯ ವೈರು ಹಾಕಿದರೆ ಮುಗಿಯಿತು. ಜೊತೆಗೆ ಅಡಾಪ್ಟರಿನ ಲೇಬಲ್ಲಿನಲ್ಲಿ ವೃತ್ತದೊಳಗೆ ಚುಕ್ಕಿ ಇರುವ ಪುಟ್ಟ ಚಿತ್ರ ನೋಡಿ: ಮಧ್ಯದ ಚುಕ್ಕಿಗೆ ಪ್ಲಸ್ ಜೋಡಿಸಿರಬೇಕು. ಮೈನಸ್ ಮಧ್ಯದಲ್ಲಿದ್ದರೆ ಈ ಡಬ್ಬಿ ಆ ರೂಟರಿಗೆ ಹೊಂದುವುದಿಲ್ಲ.

ಇನ್ನು ಎಷ್ಟು ಹೊತ್ತು ಬರುತ್ತದೆ ಎಂಬ ಪ್ರಶ್ನೆ. 8,800 ಎಂಎಎಚ್ ಎಂಬುದು 12 ವೋಲ್ಟಿನ ಲೆಕ್ಕವಲ್ಲ. 3.7 ವೋಲ್ಟಿನ ನಾಲ್ಕು ಸೆಲ್ಲುಗಳ 2,200 ಎಂಎಎಚ್‌ಗಳನ್ನು ಕೂಡಿಸಿ ಬರೆದದ್ದು. ಆದ್ದರಿಂದ 8.8 ಅನ್ನು 3.7ರಿಂದ ಗುಣಿಸಿ: ಸುಮಾರು 32.5 ವ್ಯಾಟ್-ಅವರ್ (ಒಂದು ವ್ಯಾಟಿನ ಸಾಧನವನ್ನು ಒಂದು ಗಂಟೆ ನಡೆಸುವ ಶಕ್ತಿಯೇ ಒಂದು ವ್ಯಾಟ್-ಅವರ್). ವೋಲ್ಟೇಜನ್ನು 12ಕ್ಕೆ ಹೊಂದಿಸುವ ಸರ್ಕ್ಯೂಟು ಇದರಲ್ಲಿ ಶೇ 10ರಿಂದ 15ರಷ್ಟು ತಿನ್ನುತ್ತದೆ. ಕೈಗೆ ಸಿಗುವುದು 28ರ ಆಸುಪಾಸು. 8 ವ್ಯಾಟ್ ಎಳೆಯುವ ರೂಟರಿಗೆ ಇದು ಮೂರೂವರೆ ಗಂಟೆ. ಫೈಬರ್ ಪೆಟ್ಟಿಗೆ ಬೇರೆ, ರೂಟರ್ ಬೇರೆ ಇದ್ದು ಎರಡೂ ಸೇರಿ 14 ವ್ಯಾಟ್ ಆದರೆ ಎರಡು ಗಂಟೆ. ಡಬ್ಬಿಯ ಮೇಲೆ ‘8 ಗಂಟೆ’ ಎಂದಿದ್ದರೆ ಅದು 3–4 ವ್ಯಾಟಿನ ತೀರಾ ಚಿಕ್ಕ ರೂಟರಿಗೆ ಮಾಡಿದ ಲೆಕ್ಕ.

ರೂಟರ್ ಎಷ್ಟು ಎಳೆಯುತ್ತದೆಂದು ಅಡಾಪ್ಟರಿನ ಲೇಬಲ್ ಹೇಳುವುದಿಲ್ಲ. 12 ವೋಲ್ಟ್, 2 ಆಂಪಿಯರ್ ಎಂದರೆ ಗರಿಷ್ಠ 24 ವ್ಯಾಟ್ ಕೊಡಬಲ್ಲದು ಎಂದಷ್ಟೇ. ಗೋಡೆಗೆ ಸಿಕ್ಕಿಸುವ ವ್ಯಾಟ್ ಮೀಟರಿನಲ್ಲಿ ಅಳೆದರೆ ನಿಜ ತಿಳಿಯುತ್ತದೆ. ಅಲ್ಲಿ ಕಾಣುವ ಅಂಕಿಯಲ್ಲಿ ಅಡಾಪ್ಟರಿನ ಸ್ವಂತ ನಷ್ಟವೂ ಸೇರಿರುವುದರಿಂದ ರೂಟರಿನ ಪಾಲು ಇನ್ನೂ ಸ್ವಲ್ಪ ಕಡಿಮೆ. ಯುಎಸ್‌ಬಿ ತೂತಿರುವ ಮಾದರಿಯಲ್ಲಿ ಕರೆಂಟಿಲ್ಲದಾಗ ಫೋನ್ ಚಾರ್ಜಿಗಿಡುವ ಆಸೆಯನ್ನು ಬಿಡುವುದೇ ಮೇಲು. ದೊಡ್ಡ ಫೋನೊಂದು ಪೂರ್ತಿ ತುಂಬಲು 15–20 ವ್ಯಾಟ್-ಅವರ್ ನುಂಗುತ್ತದೆ, ಅಂದರೆ ಡಬ್ಬಿಯ ಅರ್ಧಕ್ಕಿಂತ ಹೆಚ್ಚು.

ಈಗ ಅಡಾಪ್ಟರ್. ಈ ಸಾಧನದ ಹಣೆಬರಹ ನಿರ್ಧಾರವಾಗುವುದೇ ಇಲ್ಲಿ.

ಯುಪಿಎಸ್ ಹಾಕಿದ ಮೇಲೆ ಅಡಾಪ್ಟರಿಗೆ ಎರಡು ಕೆಲಸ: ರೂಟರನ್ನು ನಡೆಸುವುದು, ಜೊತೆಗೆ ಬ್ಯಾಟರಿ ತುಂಬುವುದು. ರೂಟರಿನ ಜೊತೆ ಬಂದ 12 ವೋಲ್ಟ್, 1 ಆಂಪಿಯರ್ ಅಡಾಪ್ಟರನ್ನೇ ಬಳಸಿದರೆ ಅದರ 12 ವ್ಯಾಟಿನಲ್ಲಿ 8 ರೂಟರಿಗೆ ಹೋಗಿ ಬ್ಯಾಟರಿಗೆ ಉಳಿಯುವುದು 4. ಖಾಲಿ ಬ್ಯಾಟರಿ ತುಂಬಲು ಹತ್ತು ಗಂಟೆಯಾದರೂ ಬೇಕು. ಕರೆಂಟು ಪದೇ ಪದೇ ಎರಡೆರಡು ಗಂಟೆ ಹೋಗಿ, ನಡುವೆ ಎರಡು ಮೂರು ಗಂಟೆಯಷ್ಟೇ ಇರುವ ದಿನ ಡಬ್ಬಿ ಅರೆಬರೆ ತುಂಬಿರುತ್ತದೆ, ಮುಂದಿನ ಸಲ ಇನ್ನೂ ಕಡಿಮೆ. ‘ಮೊದಲ ವಾರ ಚೆನ್ನಾಗಿತ್ತು, ಈಗ ಅರ್ಧ ಗಂಟೆಯೂ ಬರುವುದಿಲ್ಲ’ ಎಂಬ ದೂರು ಹುಟ್ಟುವುದು ಹೀಗೆ.

ಇದಕ್ಕಿಂತ ಗೊಂದಲ ಹುಟ್ಟಿಸುವ ಇನ್ನೊಂದು ಲಕ್ಷಣವಿದೆ. ಕರೆಂಟು ಹೋದಾಗ ರೂಟರ್ ಆರುವುದಿಲ್ಲ. ಕರೆಂಟು *ಬಂದಾಗ* ಆರುತ್ತದೆ. ಯಾಕೆಂದರೆ ಹಸಿದ ಬ್ಯಾಟರಿ ಚಾರ್ಜು ಎಳೆಯತೊಡಗುತ್ತದೆ, ರೂಟರೂ ಎಳೆಯುತ್ತದೆ, 1 ಆಂಪಿಯರಿನ ಅಡಾಪ್ಟರ್ ಭಾರ ತಾಳದೆ ಅದರ ವೋಲ್ಟೇಜು 12ರಿಂದ ಕೆಳಗೆ ಜಾರುತ್ತದೆ. ಅಡಾಪ್ಟರ್ ಮುಟ್ಟಿ ನೋಡಿದರೆ ಬಿಸಿಯಾಗಿರುತ್ತದೆ. ಹೊಸ ಡಬ್ಬಿ ತರಿಸಿದರೂ ಇದೇ ಪುನರಾವರ್ತನೆ. ಮದ್ದು ಒಂದೇ: 12 ವೋಲ್ಟ್, 2 ಆಂಪಿಯರಿನ ಒಳ್ಳೆಯ ಅಡಾಪ್ಟರ್, ಡಬ್ಬಿಯ ‘ಇನ್’ ಪಕ್ಕ ಬರೆದ ವೋಲ್ಟೇಜಿಗೆ ಸರಿಹೊಂದುವುದು. ಆಗ ರೂಟರಿನ ಪಾಲು ಹೋಗಿ 16 ವ್ಯಾಟ್ ಉಳಿಯುತ್ತದೆ. ಡಬ್ಬಿಯೊಳಗಿನ ಚಾರ್ಜರು 8–10 ವ್ಯಾಟಿಗೆ ತನ್ನನ್ನು ತಾನೇ ಮಿತಿಗೊಳಿಸಿಕೊಂಡರೂ ನಾಲ್ಕು ಗಂಟೆಯಲ್ಲಿ ಬ್ಯಾಟರಿ ತುಂಬುತ್ತದೆ. ಅಡಾಪ್ಟರಿನ ಆಂಪಿಯರ್ ಹೆಚ್ಚಿದ್ದರೆ ರೂಟರಿಗೆ ಅಪಾಯ ಎಂಬ ಭಯ ಬೇಡ. ರೂಟರ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಅಪಾಯವಿರುವುದು ವೋಲ್ಟೇಜು ಹೆಚ್ಚಾದರೆ.

ಬ್ಯಾಟರಿಯಲ್ಲಿ ನಡೆಯುವಾಗ ‘ಔಟ್’ನಲ್ಲಿ ಎಷ್ಟು ವೋಲ್ಟ್ ಸಿಗುತ್ತದೆ ಎಂಬುದು ಒಳ್ಳೆಯ ಮಾದರಿಗೂ ಅಗ್ಗದ ಮಾದರಿಗೂ ಇರುವ ನಿಜವಾದ ಭೇದ. ಒಳ್ಳೆಯದರಲ್ಲಿ ನಿಯಂತ್ರಕ ಸರ್ಕ್ಯೂಟು ಇರುತ್ತದೆ, ಕೊನೆಯ ನಿಮಿಷದವರೆಗೂ 12ರ ಹತ್ತಿರವೇ ನಿಲ್ಲುತ್ತದೆ. ಅಗ್ಗದ್ದರಲ್ಲಿ ಮೂರು ಸೆಲ್ಲುಗಳನ್ನು ಸಾಲಾಗಿ ಜೋಡಿಸಿ ನೇರವಾಗಿ ಹೊರಗೆ ಬಿಟ್ಟಿರುತ್ತಾರೆ: ತುಂಬಿದಾಗ 12.6, ಬರುಬರುತ್ತಾ 11, 10, ಕೊನೆಗೆ 9. ರೂಟರಿನೊಳಗೆ ವೋಲ್ಟೇಜು ಇಳಿಸುವ ಸರ್ಕ್ಯೂಟು ಹೇಗೂ ಇರುವುದರಿಂದ ಕೆಲವು ರೂಟರ್‌ಗಳು ಇದನ್ನು ಸಹಿಸುತ್ತವೆ. ಸಹಿಸದವು ಬ್ಯಾಟರಿಯಲ್ಲಿ ಇನ್ನೂ ಚಾರ್ಜು ಇರುವಾಗಲೇ ರೀಸ್ಟಾರ್ಟ್ ಚಕ್ರಕ್ಕೆ ಬೀಳುತ್ತವೆ. ಮಲ್ಟಿಮೀಟರ್ ಇರುವವರು ರೂಟರ್ ಸಿಕ್ಕಿಸಿಟ್ಟೇ ಅಳೆಯಿರಿ. ಹೊರೆಯಿಲ್ಲದೆ ಅಳೆದ ಅಂಕಿಯನ್ನು ನಂಬಬೇಡಿ. 11.4ರಿಂದ 12.6ರೊಳಗೆ ಇದ್ದರೆ ನೆಮ್ಮದಿ.

ಪವರ್ ಬ್ಯಾಂಕಿನಿಂದ 12 ವೋಲ್ಟಿಗೆ ಏರಿಸುವ ಕೇಬಲ್ ಸಿಗುತ್ತದೆ, ಅದೇ ಸಾಲದೆ ಎನ್ನುವವರಿದ್ದಾರೆ. ತುರ್ತಿಗೆ ಸರಿ. ಆದರೆ ಸಾಮಾನ್ಯ ಯುಎಸ್‌ಬಿ ತೂತಿನ 5 ವೋಲ್ಟ್, 2 ಆಂಪಿಯರ್ ಎಂದರೆ 10 ವ್ಯಾಟ್, ಏರಿಸುವ ನಷ್ಟ ಕಳೆದು 8–9. ರೂಟರ್ ಹತ್ತುವ ಕ್ಷಣದಲ್ಲಿ ಇದಕ್ಕಿಂತ ಹೆಚ್ಚು ಎಳೆದರೆ ಪವರ್ ಬ್ಯಾಂಕ್ ಆರುತ್ತದೆ. ಅದನ್ನು ಚಾರ್ಜಿಗಿಟ್ಟೇ ರೂಟರ್ ನಡೆಸೋಣ ಎಂದರೆ, ಎಷ್ಟೋ ಪವರ್ ಬ್ಯಾಂಕುಗಳು ಗೋಡೆಯ ಕರೆಂಟು ಬಂದಾಗ, ಹೋದಾಗ ಔಟ್‌ಪುಟ್ಟನ್ನು ಒಂದು ಕ್ಷಣ ಕಡಿಯುತ್ತವೆ. ಬೇಡದ್ದು ಅದೇ ತಾನೆ. ಕಂಪ್ಯೂಟರಿನ ದೊಡ್ಡ ಯುಪಿಎಸ್‌ಗೆ ರೂಟರ್ ಒಂದನ್ನೇ ಸಿಕ್ಕಿಸುವುದೂ ನಷ್ಟದ ಬಾಬತ್ತು: ಬ್ಯಾಟರಿಯ ಡಿಸಿಯನ್ನು ಗೋಡೆಯ ಕರೆಂಟಿನಂಥ ಎಸಿ ಮಾಡಿ ಮತ್ತೆ ಡಿಸಿ ಮಾಡುವಷ್ಟರಲ್ಲಿ ಬ್ಯಾಟರಿಯ ಒಳ್ಳೆಯ ಪಾಲು ಶಾಖವಾಗಿ ಹೋಗಿರುತ್ತದೆ, ಮೇಲೆ ಅದರ ಕೂಗು ಬೇರೆ.

ಕೊಳ್ಳುವ ಮೊದಲು ಇನ್ನೊಂದು ಮಾತು. ಮನೆಯ ರೂಟರ್ ಉರಿಯುತ್ತಿದ್ದ ಮಾತ್ರಕ್ಕೆ ಇಂಟರ್ನೆಟ್ ಇರುತ್ತದೆಂದೇನಿಲ್ಲ. ಮನೆಯೊಳಗಿನವರೆಗೂ ಫೈಬರ್ ಬಂದಿದ್ದರೆ, ಎಕ್ಸ್‌ಚೇಂಜಿನಿಂದ ಮನೆಯವರೆಗೆ ನಡುವೆ ಇರುವ ಸ್ಪ್ಲಿಟರ್‌ಗಳಿಗೆ ಸಾಮಾನ್ಯವಾಗಿ ಕರೆಂಟೇ ಬೇಡ. ಅವು ಬೆಳಕನ್ನು ಹಂಚುವ ಗಾಜಿನ ಜೋಡಣೆಗಳಷ್ಟೇ. ಅಂಥವರಿಗೆ ಈ ಡಬ್ಬಿ ಪೂರ್ತಿ ಫಲ ಕೊಡುತ್ತದೆ. ಟಿವಿ ಕೇಬಲ್ಲಿನಲ್ಲಿ ಬರುವ ಇಂಟರ್ನೆಟ್ಟಿಗೆ ಬೀದಿಯಲ್ಲಿ ಆಂಪ್ಲಿಫೈಯರ್‌ಗಳಿವೆ, ಅವಕ್ಕೆ ಬ್ಯಾಕಪ್ ಇಲ್ಲದಿದ್ದರೆ ನಿಮ್ಮ ರೂಟರ್ ಸುಮ್ಮನೆ ಉರಿಯುತ್ತದೆ. ಕಟ್ಟಡದ ಮೆಟ್ಟಿಲ ಬಳಿ ಪೆಟ್ಟಿಗೆಯಲ್ಲಿ ಸ್ವಿಚ್ ಇಟ್ಟು ಪ್ರತಿ ಮನೆಗೆ ನೀಲಿ ಅಥವಾ ಬೂದು ಲ್ಯಾನ್ ವೈರು ಎಳೆದಿದ್ದರೂ ಇದೇ ಕಥೆ. ಆ ಪೆಟ್ಟಿಗೆಗೂ ಒಂದು ಯುಪಿಎಸ್ ಬೇಕು. ಮುಂದಿನ ಸಲ ಕರೆಂಟು ಹೋದಾಗ ರೂಟರನ್ನು ಯಾವುದಾದರೂ ಬ್ಯಾಟರಿಯಿಂದ ನಡೆಸಿ, ಇಂಟರ್ನೆಟ್ ಬರುತ್ತದೆಯೇ ಎಂದು ನೋಡಿಕೊಂಡೇ ಕೊಳ್ಳಿ. ಫೈಬರ್ ಪೆಟ್ಟಿಗೆ ಬೇರೆಯಿದ್ದರೆ ಅದನ್ನೂ ನಡೆಸಬೇಕು ಎಂಬುದನ್ನು ಮರೆಯುವವರು ಬಹಳ. ಅದಕ್ಕೆ ಎರಡು ಔಟ್‌ಪುಟ್ ಇರುವ ಮಾದರಿ ತೆಗೆದುಕೊಳ್ಳಿ, ಒಟ್ಟು ವ್ಯಾಟ್ ಮಿತಿ ನೋಡಿ.

ಸೆಲ್ಲುಗಳ ವಿಷಯಕ್ಕೆ ಬಂದರೆ, ಒಳಗಿರುವುದು ಹೆಚ್ಚಾಗಿ 18650. ಹೆಸರೇ ಅಳತೆ: 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದ. ಈ ಗಾತ್ರದ ಒಳ್ಳೆಯ ಸೆಲ್ಲಿಗೂ 3,500 ಎಂಎಎಚ್ ಆಚೀಚೆಯೇ ಮಿತಿ. ಆದ್ದರಿಂದ ನಾಲ್ಕೇ ಸೆಲ್ಲಿನ ಡಬ್ಬಿಯ ಮೇಲೆ 20,000 ಎಂದು ಬರೆದಿದ್ದರೆ ಆ ಮಾತು ಸುಳ್ಳು. ಒಂದು ಸೆಲ್ಲು 45 ಗ್ರಾಂ ಹತ್ತಿರ ತೂಗುತ್ತದೆ. ನಾಲ್ಕು ಸೆಲ್ಲಿನ ಡಬ್ಬಿ ಪ್ಲಾಸ್ಟಿಕ್ಕು ಸೇರಿಯೂ 150 ಗ್ರಾಂ ದಾಟದಿದ್ದರೆ ಒಳಗೆ ಏನೋ ಕಡಿಮೆಯಿದೆ. ಎಂಎಎಚ್ ಬದಲು ವ್ಯಾಟ್-ಅವರ್ ಬರೆದಿರುವ ತಯಾರಕರನ್ನು ಹೆಚ್ಚು ನಂಬಬಹುದು.

ಸದಾ ಪೂರ್ತಿ ತುಂಬಿಕೊಂಡೇ ಇರುವುದು ಲಿಥಿಯಂ ಸೆಲ್ಲಿಗೆ ಹಿತವಲ್ಲ, ಬಿಸಿ ಸೇರಿದರೆ ಇನ್ನೂ ಬೇಗ ಸೊರಗುತ್ತದೆ. ಯುಪಿಎಸ್‌ನ ಕೆಲಸವೇ ತುಂಬಿಕೊಂಡು ಕಾಯುವುದಾದ್ದರಿಂದ ಮೊದಲನೆಯದನ್ನು ತಪ್ಪಿಸುವಂತಿಲ್ಲ. ಬಿಸಿಯನ್ನು ತಪ್ಪಿಸಬಹುದು. ಡಬ್ಬಿಯನ್ನು ರೂಟರಿನ ಮೇಲಿಡಬೇಡಿ, ಮುಚ್ಚಿದ ಕಪಾಟಿನಲ್ಲೂ ಬೇಡ. ಪಕ್ಕದಲ್ಲಿ ನಾಲ್ಕು ಬೆರಳು ಜಾಗ ಬಿಟ್ಟು, ಪರದೆ ತಗುಲದ ಕಡೆ ಇಡಿ. ಮೈ ಬೆಚ್ಚಗಿದ್ದರೆ ಸಹಜ, ಕೈ ಇಡಲಾಗದಷ್ಟು ಸುಟ್ಟರೆ ಕೂಡಲೇ ತೆಗೆಯಿರಿ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿನ ಮಾದರಿ ಸಿಕ್ಕರೆ ಅದೇ ಉತ್ತಮ ಆಯ್ಕೆ: ತೂಕ ಹೆಚ್ಚು, ಆದರೆ ಬಾಳಿಕೆ ಹಲವು ಪಟ್ಟು, ಬಿಸಿಗೂ ಗಟ್ಟಿ. ಹಾಗೆಂದು ಹಳೆಯ ಡಬ್ಬಿ ಬಿಚ್ಚಿ ಸಾಮಾನ್ಯ ಸೆಲ್ಲಿನ ಜಾಗಕ್ಕೆ ಇವನ್ನು ಬೆಸೆಯಬಾರದು. ಒಂದು 4.2 ವೋಲ್ಟಿಗೆ ತುಂಬುವಂಥದು, ಇನ್ನೊಂದು 3.65ಕ್ಕೆ, ಹಳೆಯ ಚಾರ್ಜರು ಹೊಸ ಸೆಲ್ಲಿಗೆ ಮಿತಿಮೀರಿ ತುಂಬುತ್ತದೆ.

ತಂದ ದಿನವೇ ಪೂರ್ತಿ ಚಾರ್ಜ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ರೂಟರ್ ಆರುವವರೆಗಿನ ಸಮಯವನ್ನು ಡಬ್ಬಿಯ ಅಡಿಗೆ ಚೀಟಿ ಅಂಟಿಸಿ ತಾರೀಖಿನ ಸಮೇತ ಬರೆದಿಡಿ. ಆರು ತಿಂಗಳಿಗೊಮ್ಮೆ ಹೀಗೇ ನೋಡಿ. ಮೊದಲಿನ ಅರ್ಧಕ್ಕೆ ಇಳಿದಾಗ ಸೆಲ್ಲು ಬದಲಿಸುವ ಕಾಲ ಬಂತು. ಅಂಟಿಸಿ ಮುಚ್ಚಿದ ಡಬ್ಬಿಗಿಂತ ಸ್ಕ್ರೂ ಹಾಕಿದ ಡಬ್ಬಿ ಇಲ್ಲಿ ಉಪಕಾರಿ. ತೆಗೆದ ಹಳೆಯ ಸೆಲ್ಲುಗಳ ಎರಡೂ ತುದಿಗೆ ಟೇಪು ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವ ಕಡೆಗೇ ಕೊಡಿ. ಕಸದ ಬುಟ್ಟಿಯಲ್ಲಿ ಲೋಹದ ಚೂರೊಂದು ಎರಡೂ ತುದಿಗೆ ತಗುಲಿದರೆ ಬೆಂಕಿ ಹತ್ತಲು ಅಷ್ಟು ಸಾಕು.