ಪುಣೆ ಶಿವಾಜಿನಗರ ಕೋರ್ಟ್ ಹತ್ರದ ಕನ್ನಡ ವಕೀಲರು: ಡ್ರಂಕ್ ಡ್ರೈವ್ ಕೇಸಿಗೆ ಹೋಗಿದ್ವಿ, 5ಕ್ಕೆ 4 ಸ್ಟಾರ್

ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರು ಜಾಹೀರಾತು ಮಾಡ್ಕೊಳ್ಳೋ ಹಾಗಿಲ್ಲ, ಅದಕ್ಕೆ ಹೆಸರು ಹಾಕ್ತಾ ಇಲ್ಲ. ಸೊಲ್ಲಾಪುರದವರು, ಮನೆಮಾತು ಕನ್ನಡ, ಕೋರ್ಟ್ ಕೆಲಸ ಎಲ್ಲಾ ಮರಾಠಿ. ಪುಣೆಯಲ್ಲಿರೋ ನಮ್ಮವರಿಗೆ ಇಂಥವರು ಸಿಗೋದು ಎಷ್ಟು ಮುಖ್ಯ ಅಂತ ನನಗೆ ಗೊತ್ತಾಗಿದ್ದು ನಮ್ಮ ಚಿಕ್ಕಪ್ಪನ ಮಗನ ಕೇಸಲ್ಲಿ. ಅವನು ಚಾಕಣದ ಫ್ಯಾಕ್ಟರೀಲಿ ಕೆಲಸ ಮಾಡ್ತಾನೆ, ರಾತ್ರಿ ವಾಕಡ್ ಕಡೆ ನಾಕಾಬಂದೀಲಿ ಬೈಕ್ ನಿಲ್ಸಿ ಊದ್ಸಿದ್ದಾರೆ, ಆಲ್ಕೋಹಾಲ್ ರೀಡಿಂಗ್ 58 ಬಂದಿದೆ, ಲೈಸೆನ್ಸ್ ತಗೊಂಡು ಬೈಕ್ ಇಟ್ಕೊಂಡು, ಮರಾಠಿ ಕಾಗದಕ್ಕೆ ಸಹಿ ಹಾಕಿಸ್ಕೊಂಡು ಕಳಿಸಿದ್ದಾರೆ. ಅದ್ರಲ್ಲಿ ಏನಿದೆ ಅಂತ ಅವನಿಗೆ ಒಂದಕ್ಷರ ಗೊತ್ತಿಲ್ಲ.

ಕೋರ್ಟ್ ಗೇಟ್ ಹತ್ರ ಮೊದಲು ಸಿಕ್ಕಿದ್ದು ಒಬ್ಬ ಏಜೆಂಟ್, 'ರಿಪೋರ್ಟ್ ಮ್ಯಾನೇಜ್ ಮಾಡ್ತೀನಿ, ಕೋರ್ಟಿಗೆ ಬರೋದೇ ಬೇಡ' ಅಂದ. 2024ರ ಮೇನಲ್ಲಿ ಕಲ್ಯಾಣಿ ನಗರದಲ್ಲಿ ಪೋರ್ಷೆ ಕಾರ್ ಗುದ್ದಿ ಇಬ್ಬರು ಎಂಜಿನಿಯರ್‌ಗಳು ಸತ್ತು, ಆಮೇಲೆ ಬ್ಲಡ್ ಸ್ಯಾಂಪಲ್ ಬದಲಾಯಿಸಿದ ಆರೋಪದಲ್ಲಿ ಡಾಕ್ಟರ್‌ಗಳೇ ಅರೆಸ್ಟ್ ಆದ ಊರು ಇದು, ಇಲ್ಲೇ ನಿಂತ್ಕೊಂಡು ಹಿಂಗೆ ಮಾತಾಡ್ತಾನಲ್ಲ ಅಂತ ಮೈ ಉರೀತು. ದಯವಿಟ್ಟು ಇಂಥವರ ಕೈಗೆ ದುಡ್ಡು ಕೊಡಬೇಡಿ.

ವಕೀಲರು ಕೂರ್ಸಿ ಕೇಳಿದ ಮೊದಲ ಮಾತೇ 'ತಮ್ಮಾ, ಕುಡದಿದ್ದು ಖರೇ ಏನು? ನನ್ ಮುಂದ ಸುಳ್ಳ ಹೇಳಬ್ಯಾಡ.' ಆಮೇಲೆ ಬ್ರೆತ್ ಅನಲೈಸರ್ ಚೀಟಿ ತಗೊಂಡು ಟ್ಯೂಬ್‌ಲೈಟ್ ಕೆಳಗೆ ಹಿಡಿದು, ಓದೋಕೂ ಮುಂಚೆ ಜೂನಿಯರ್ ಕೈಲಿ ಎರಡು ಝೆರಾಕ್ಸ್ ಮಾಡಿಸಿದ್ರು, ಆ ಕಾಗದದ ಮೇಲಿನ ಅಕ್ಷರ ಬೇಗ ಮಾಸಿ ಹೋಗುತ್ತಂತೆ, ಎಷ್ಟೋ ಜನ ಪರ್ಸಲ್ಲಿಟ್ಟು ಬಿಳಿ ಚೀಟಿ ತಂದು ಕೊಡ್ತಾರಂತೆ. ಚೀಟೀಲಿರೋ ಟೈಮು, ಮಷಿನ್ ನಂಬರ್, ಸಹಿ, ಪಂಚನಾಮೆಯಲ್ಲಿರೋ ಟೈಮು ಎಲ್ಲಾ ಬೆರಳಿಟ್ಟು ಒಂದೊಂದಾಗಿ ಹೋಲಿಸಿ, ಮರಾಠಿ ಸಾಲು ಓದಿ ಕನ್ನಡದಲ್ಲಿ ಹೇಳ್ತಾ ಹೋದ್ರು. ನನಗೆ ತುಂಬಾ ಇಷ್ಟ ಆಗಿದ್ದು ಇದೇ.

ಕಾನೂನೂ ಸರಿಯಾಗಿ ಬಿಡಿಸಿ ಹೇಳಿದ್ರು. ಮೋಟಾರು ವಾಹನ ಕಾಯ್ದೆ 185ನೇ ಸೆಕ್ಷನ್, ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ. 2019ರ ತಿದ್ದುಪಡಿ ಆದ್ಮೇಲೆ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಇಲ್ಲಾ 10,000 ರೂಪಾಯಿ ದಂಡ, ಇಲ್ಲಾ ಎರಡೂ. ಎರಡನೇ ಸಲ ಆದ್ರೆ 2 ವರ್ಷದವರೆಗೆ ಜೈಲು ಇಲ್ಲಾ 15,000 ದಂಡ, ಇಲ್ಲಾ ಎರಡೂ. ಇದು ರೋಡಲ್ಲೇ ದುಡ್ಡು ಕಟ್ಟಿ ಮುಗಿಸೋ ಚಲನ್ ಅಲ್ಲ, ಕೋರ್ಟಿಗೆ ಬರಲೇಬೇಕು, ಅದಕ್ಕೇ ಸ್ಥಳದಲ್ಲೇ ಯಾರಾದ್ರೂ ಸೆಟಲ್ ಮಾಡ್ತೀನಿ ಅಂದ್ರೆ ಅದು ಲಂಚಾನೇ. ಆದ್ರೆ ಇದು ಜಾಮೀನು ಸಿಗೋ ಅಪರಾಧ, ಹಿಡಿದ್ರೆ ಯಾಕೆ ಹಿಡಿದ್ವಿ ಅಂತ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ವಕೀಲರನ್ನ ಕರೆಸ್ಕೊಳ್ಳೋಕೆ ಬಿಡಬೇಕು.

ಅರೆಸ್ಟ್ ಮಾಡಿದ್ರೆ 2 ಗಂಟೆ ಒಳಗೆ ಡಾಕ್ಟರ್ ತಪಾಸಣೆ ಆಗಬೇಕು ಅಂತ ಅದೇ ಕಾಯ್ದೆಯ 202ನೇ ಸೆಕ್ಷನ್‌ನಲ್ಲಿದೆ. ಇದನ್ನೇ ಹಿಡ್ಕೊಂಡು 2 ಗಂಟೆ ದಾಟಿದ್ರೆ ಕೇಸೇ ಬಿದ್ದೋಯ್ತು ಅಂತ ವಾಟ್ಸಾಪಲ್ಲಿ ಓಡಾಡ್ತಾ ಇದೆಯಲ್ಲ, ಅದು ಹಂಗಲ್ಲ, ತಪಾಸಣೆ ಆಗ್ಲಿಲ್ಲ ಅಂದ್ರೆ ಕಸ್ಟಡಿಯಿಂದ ಬಿಡಬೇಕು ಅಂತ ಅಷ್ಟೇ ಇರೋದು, ಕೇಸ್ ಬೇರೆ ನಡೆಯುತ್ತೆ. ಊದಲ್ಲ ಅಂತ ಹಟ ಹಿಡಿದ್ರೂ ಲಾಭ ಇಲ್ಲ, ನಿರಾಕರಿಸಿದ್ರೆ ಅದಕ್ಕೇ ಅರೆಸ್ಟ್ ಮಾಡಬಹುದು, ಕೋರ್ಟಲ್ಲೂ ಅದು ನಮ್ಮ ವಿರುದ್ಧಾನೇ ನಿಲ್ಲುತ್ತೆ. ಹೊಸ ಪೈಪ್ ಹಾಕಿ ಅಂತ ಕೇಳಿ, ಚೀಟಿಯ ಫೋಟೋ ತಗೊಳ್ಳಿ, ಇದಕ್ಕೆ ಯಾರೂ ಬೇಜಾರಾಗಬೇಕಿಲ್ಲ. ಬರೀ ಬಾಯಿ ವಾಸನೆ ಬಂತು ಅಂತ ಬರೆದ್ರೆ 185 ನಿಲ್ಲಲ್ಲ, ಟೆಸ್ಟಿನ ಅಂಕಿ ಬೇಕು.

ನಮ್ಮ ಹುಡುಗನ ಕಾಗದ ಎಲ್ಲಾ ಸರಿಯಾಗೇ ಇತ್ತು. 'ಕೇಸ್ ಎಳೀಬಹುದು, ಆದ್ರ ನಿನ್ ರೊಕ್ಕ ನಾ ತಿಂದಂಗ ಆಗ್ತದ' ಅಂತ ನೇರವಾಗಿ ಅಂದ್ರು. ತಪ್ಪು ಒಪ್ಪಿದ್ರೆ ಅದು ರೆಕಾರ್ಡಲ್ಲಿ ಉಳಿಯುತ್ತೆ, ಮುಂದಿನ ಸಲ ಸಿಕ್ಕಿದ್ರೆ ಎರಡನೇ ಅಪರಾಧ ಅಂತ ಲೆಕ್ಕ, ಯೋಚ್ನೆ ಮಾಡಿ ನೀನೇ ಹೇಳು ಅಂತ ತೀರ್ಮಾನ ಅವನಿಗೇ ಬಿಟ್ರು. ಕೋರ್ಟಲ್ಲಿ ಸಾಕ್ಷಿ ಹೇಳಿದ್ದನ್ನ ಆರೋಪಿಗೆ ತಿಳಿಯೋ ಭಾಷೇಲಿ ಹೇಳಬೇಕು ಅನ್ನೋದು ಕಾನೂನಲ್ಲೇ ಇದೆಯಂತೆ. ವಿಜಯಪುರ, ಕಲಬುರಗಿ ಕಡೆಯಿಂದ ಇಲ್ಲಿಗೆ ಬಂದು ಕಟ್ಟಡ ಕೆಲಸ ಮಾಡೋರು, ಗಾಡಿ ಓಡಿಸೋರು ಎಷ್ಟು ಜನ ಇದ್ದಾರೆ, ಅವರಿಗೆ ಇದನ್ನ ಯಾರು ಹೇಳ್ತಾರೆ? ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂದ್ರೆ 15100ಕ್ಕೆ ಫೋನ್ ಮಾಡಿ, ಉಚಿತ ಕಾನೂನು ನೆರವಿನ ನಂಬರ್ ಅದು, ಕಸ್ಟಡೀಲಿರೋರಿಗೆ ಆದಾಯ ನೋಡದೇ ವಕೀಲರನ್ನ ಕೊಡಬೇಕು.

ಹುಡುಗ ತಪ್ಪೊಪ್ಪಿಕೊಂಡ, 10,000 ಕಟ್ಟಿದ, ಬೈಕ್ ಸಿಕ್ತು. ವಕೀಲರ ಫೀಸ್ ಮೊದಲೇ ಕಾಗದದ ಮೇಲೆ ಬರೆದುಕೊಟ್ಟಿದ್ರು, ದಂಡ ಬೇರೆ ಅಂತಾನೂ ಬರೆದಿದ್ರು, ಆಮೇಲೆ ಒಂದು ರೂಪಾಯಿ ಜಾಸ್ತಿ ಕೇಳ್ಲಿಲ್ಲ. ಒಂದು ಸ್ಟಾರ್ ಕಮ್ಮಿ ಮಾಡಿದ್ದು ಯಾಕಂದ್ರೆ ಹಗಲಲ್ಲಿ ಫೋನ್ ಎತ್ತಲ್ಲ, ಜೂನಿಯರ್‌ಗೆ ಕನ್ನಡ ಬರಲ್ಲ, ಲೈಸೆನ್ಸ್ ಸಸ್ಪೆನ್ಷನ್ ವಿಚಾರ ಆರ್‌ಟಿಓ ನೋಡುತ್ತೆ, ಅಲ್ಲಿಗೆ ನೀವೇ ಓಡಾಡ್ಬೇಕು ಅನ್ನೋದನ್ನ ಕೊನೇಲಿ ಹೇಳಿದ್ರು, ಅದನ್ನ ಮೊದಲ ದಿನವೇ ಹೇಳಿದ್ರೆ ಹುಡುಗ ರಜೆ ಹೊಂದಿಸ್ಕೊಳ್ತಿದ್ದ. ಹೋಗೋರು ಸಂಜೆ ಕೋರ್ಟ್ ಮುಗಿದ್ಮೇಲೆ ಹೋಗಿ, ಆರ್‌ಸಿ, ಇನ್ಶೂರೆನ್ಸ್, ಚೀಟಿ, ಸಹಿ ಹಾಕಿದ ಕಾಗದದ ಕಾಪಿ ಎಲ್ಲಾ ತಗೊಂಡೇ ಹೋಗಿ.