ಪೀಣ್ಯದ ಟ್ಯಾಪ್ ಬರ್ನಿಂಗ್ ಅಂಗಡಿ ಮತ್ತು 349 ರೂಪಾಯಿಯ ಎಕ್ಸ್‌ಟ್ರ್ಯಾಕ್ಟರ್ ಸೆಟ್

ಅಪ್ಪನ 2006ರ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್ ಈಗ ನನ್ನ ಕೈಯಲ್ಲಿದೆ. ಆಯಿಲ್, ಚೈನ್, ಟ್ಯಾಪೆಟ್, ಕಾರ್ಬುರೇಟರ್ ಎಲ್ಲವನ್ನೂ ಮನೆಯ ಗೇಟಿನೊಳಗೆ ನಾನೇ ನೋಡಿಕೊಳ್ಳುತ್ತೇನೆ. ಎರಡು ತಿಂಗಳ ಹಿಂದೆ ಸೈಲೆನ್ಸರ್ ಎಂಜಿನ್ನಿಗೆ ಸೇರುವ ಕಡೆ ಹೊಗೆ ಸೋರಿ ‘ಪಟ್ ಪಟ್’ ಸದ್ದು ಶುರುವಾಯಿತು. ಒಳಗಿನ ಗ್ಯಾಸ್ಕೆಟ್ ರಿಂಗ್ ಬದಲಿಸಿದರೆ ಮುಗಿಯುವ ಕೆಲಸ. ಬಿಚ್ಚಬೇಕಾದದ್ದು ಎರಡೇ ನಟ್. ಮೊದಲನೆಯದು ಕಿರುಗುಟ್ಟುತ್ತಾ ಬಂತು. ಎರಡನೆಯದಕ್ಕೆ 10 ನಂಬರಿನ ಟಿ ಸ್ಪ್ಯಾನರ್ ಹಾಕಿದಾಗ ಆ ಸದ್ದೇ ಇಲ್ಲ. ಬೆಣ್ಣೆಯಂತೆ ಮೆತ್ತಗೆ ತಿರುಗಿತು. ಹಾಗೆ ಮೆತ್ತಗಾದರೆ ಬಿಚ್ಚುತ್ತಿರುವುದು ನಟ್ ಅಲ್ಲ, ಒಳಗಿನ ಸ್ಟಡ್ (ನಟ್ ಕೂರುವ, ತಲೆಯಿಲ್ಲದ ಬೋಲ್ಟ್) ತಿರುಚಿಕೊಳ್ಳುತ್ತಿದೆ ಎಂದು ಅರ್ಥ. ಕೈ ತೆಗೆಯುವಷ್ಟರಲ್ಲಿ ನಟ್ ಕಚ್ಚಿಕೊಂಡ ತುಂಡು ಕೆಳಗೆ ಬಿತ್ತು. ಉಳಿದ ತುಂಡು ಸಿಲಿಂಡರ್ ಹೆಡ್ಡಿನ ಒಳಗೆ, ಇಕ್ಕಳಕ್ಕೂ ಸಿಗದಂತೆ.

ಆನ್‌ಲೈನಿನಲ್ಲಿ ಐದು ತುಂಡುಗಳ ಸ್ಕ್ರೂ ಎಕ್ಸ್‌ಟ್ರ್ಯಾಕ್ಟರ್ ಸೆಟ್ ತರಿಸಿದೆ, 349 ರೂಪಾಯಿ. ಮುರಿದ ಬೋಲ್ಟಿನ ನಡುವೆ ತೂತು ಕೊರೆದು, ಎಡಕ್ಕೆ ಸುತ್ತಿದ ಹಲ್ಲುಗಳಿರುವ ಈ ಚೂಪು ಸಲಾಕೆಯನ್ನು ಅದರೊಳಗೆ ಹೊಡೆದು ತಿರುಗಿಸಬೇಕು. ಮುರಿದ ಮೇಲ್ಮೈ ಓರೆಯಾಗಿತ್ತು. ಪಂಚ್ ಹೊಡೆದು ಗುರುತು ಮಾಡಿಕೊಂಡಿದ್ದರೂ ಡ್ರಿಲ್ ಗಟ್ಟಿ ಉಕ್ಕನ್ನು ಬಿಟ್ಟು ಪಕ್ಕದ ಮೆದು ಅಲ್ಯೂಮಿನಿಯಂ ಕಡೆಗೆ ಜಾರಿತು. ಆ ತೂತಿನಲ್ಲೇ ಎಕ್ಸ್‌ಟ್ರ್ಯಾಕ್ಟರ್ ಕೂರಿಸಿ ತಿರುಗಿಸಿದೆ. ‘ಟಿಣ್’ ಎಂದು ಅದೂ ಒಳಗೇ ಮುರಿಯಿತು.

ಇಲ್ಲಿ ನನ್ನ ದೂರು ಅದು ಮುರಿಯಿತೆಂದಲ್ಲ. ಯಾವ ಬೋಲ್ಟಿಗೆ ಇದು ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ಪ್ಯಾಕೆಟ್ಟಿನ ಮೇಲೆ ಒಂದು ಸಾಲೂ ಇಲ್ಲವೆಂದು. ಅತಿಯಾಗಿ ಬಿಗಿದು ತಲೆ ಹಾರಿದ ಬೋಲ್ಟಿನ ಥ್ರೆಡ್ ಒಳಗೆ ಸಡಿಲವಾಗಿಯೇ ಇರುತ್ತದೆ. ಅಲ್ಲಿ ಈ ಸೆಟ್ ಕೆಲಸ ಮಾಡೀತು. ತುಕ್ಕು ಹಿಡಿದು ಕಚ್ಚಿಕೊಂಡ ಸ್ಟಡ್‌ನ ಕಥೆ ಬೇರೆ. 6 ಎಂ.ಎಂ. ದಪ್ಪದ ಉಕ್ಕು ಪೂರ್ತಿ ಇದ್ದಾಗಲೇ ಬಗ್ಗದ ಹಿಡಿತವನ್ನು 3 ಎಂ.ಎಂ. ಸಲಾಕೆ ಬಿಡಿಸುವುದು ಹೇಗೆ? ಸಾಲದ್ದಕ್ಕೆ ಅದು ಬೆಣೆಯಂತೆ ಒಳಗಿನಿಂದ ಅಗಲಿಸಿ ಸ್ಟಡ್ಡನ್ನು ಥ್ರೆಡ್ಡಿಗೆ ಇನ್ನಷ್ಟು ಒತ್ತುತ್ತದೆ. ಎಕ್ಸ್‌ಟ್ರ್ಯಾಕ್ಟರಿನ ಉಕ್ಕು ಹದ ಮಾಡಿದ್ದು, ಗಾಜಿನಷ್ಟೇ ಪೆಡಸು. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದರ ಮೇಲೆ ಒಂದು ಗೀರನ್ನೂ ಹಾಕಲಾರದು. ಬಳಸಿದ ಸರಕಿಗೆ ಹಣ ವಾಪಸಿಲ್ಲ ಎಂಬ ಉತ್ತರ ಬಂತು.

ಒಂದು ಮಾತು ಹೇಳಲೇಬೇಕು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ ಎಂದು ಪ್ರತಿವರ್ಷ ಪಾಠ ಮಾಡುತ್ತೇನೆ. ಸ್ಪ್ಯಾನರ್ ಹಾಕುವ ಮೊದಲು ಹೆಡ್ಡನ್ನು ಚೆನ್ನಾಗಿ ಕಾಯಿಸಿದ್ದರೆ ತೂತು ಹಿಗ್ಗಿ ಸ್ಟಡ್ ಸಡಿಲವಾಗುತ್ತಿತ್ತು. ನಾನು ಕಾಯಿಸಲಿಲ್ಲ. ಅದಕ್ಕೆ ಈಗಲೂ ಬೇಸರವಿದೆ.

ಮನೆ ಹತ್ತಿರದ ಗ್ಯಾರೇಜಿನಲ್ಲಿ ಹೆಡ್ಡನ್ನೇ ಬದಲಿಸಲು ಹೇಳಿದರು. ಒಂದು ಲೇತ್ ಅಂಗಡಿಯವರು ನೋಡಿ, “ಒಳಗೆ ಎಕ್ಸ್‌ಟ್ರ್ಯಾಕ್ಟರ್ ಇದೆ, ನಮ್ಮಿಂದ ಆಗುವುದಿಲ್ಲ. ಪೀಣ್ಯದಲ್ಲಿ ಟ್ಯಾಪ್ ಬರ್ನಿಂಗ್ ಮಾಡುವವರನ್ನು ಕೇಳಿ” ಎಂದರು. ಆ ಸಲಹೆಗೆ ನಾನು ಋಣಿ.

ಕ್ಯಾಮ್ ಚೈನ್ ಬಿಡಿಸಿ, ನಾಲ್ಕು ನಟ್ ತೆಗೆದು, ಹೆಡ್ ಇಳಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಪತ್ರಿಕೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ರಾಜಾಜಿನಗರದಲ್ಲಿ ಮೆಟ್ರೋ ಹತ್ತಿದೆ. ಸ್ಕ್ಯಾನರ್ ಬಳಿ ಚೀಲ ಬಿಚ್ಚಿ ತೋರಿಸಬೇಕಾಯಿತು. ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದು ಎರಡನೇ ಹಂತದ ಕಡೆ ವಿಚಾರಿಸುತ್ತಾ ಹೋದಾಗ ಎರಡು ಲೇತ್‌ಗಳ ನಡುವೆ ಅಂಗಡಿ ಸಿಕ್ಕಿತು. ಟ್ಯಾಪ್ ಎಂದರೆ ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ. ಕಾರ್ಖಾನೆಗಳ ದುಬಾರಿ ಬಿಡಿಭಾಗಗಳಲ್ಲಿ ಮುರಿದ ಟ್ಯಾಪ್‌ಗಳನ್ನು ತೆಗೆಯುವುದೇ ಇವರ ದಿನದ ಕೆಲಸ.

ಮಾಲೀಕರು ಟಾರ್ಚ್ ಬಿಟ್ಟು ನೋಡಿದರು. “ಡ್ರಿಲ್ ಯಾರು ಹಾಕಿದ್ದು, ಮೇಡಂ?” ನಾನೇ ಎಂದೆ. “ತೂತು ಒಂದು ಎಂ.ಎಂ.ಗಿಂತ ಹೆಚ್ಚು ಪಕ್ಕಕ್ಕೆ ಹೋಗಿದೆ. ಎಕ್ಸ್‌ಟ್ರ್ಯಾಕ್ಟರ್ ಬರುತ್ತದೆ. ಥ್ರೆಡ್ ಉಳಿಯುವುದಿಲ್ಲ, ಹೆಲಿಕಾಯಿಲ್ ಹಾಕಬೇಕಾಗುತ್ತದೆ. ಒಪ್ಪಿಗೆಯೇ?” ಕೆಲಸಕ್ಕೆ ಮೊದಲೇ, ಇಷ್ಟು ಖಚಿತವಾಗಿ.

ಮುಂದಿನದನ್ನು ನನ್ನ ಮಕ್ಕಳಿಗೆಲ್ಲ ತೋರಿಸಬೇಕು ಎನಿಸಿತು. ಯಂತ್ರದ ತುದಿಯಲ್ಲಿ ಹಿತ್ತಾಳೆಯ ಸಣ್ಣ ಕಡ್ಡಿ. ಅದು ಕೊರೆಯುವುದಿಲ್ಲ, ಒತ್ತುವುದಿಲ್ಲ, ಉಕ್ಕನ್ನು ಮುಟ್ಟುವುದೂ ಇಲ್ಲ. ಕೂದಲೆಳೆಯ ಅಂತರದಲ್ಲಿ ನಿಂತು ಕಿಡಿ ಹಾರಿಸುತ್ತದೆ. ಪ್ರತಿ ಕಿಡಿಯೂ ಲೋಹದ ಒಂದು ಕಣವನ್ನು ಕರಗಿಸುತ್ತದೆ. ಹರಿಯುವ ನೀರು ಅದನ್ನು ಕಪ್ಪು ಕೆಸರಾಗಿ ಹೊರಗೆ ತರುತ್ತದೆ. ಕಿಡಿಗೆ ಲೋಹದ ಗಟ್ಟಿತನ ಲೆಕ್ಕಕ್ಕಿಲ್ಲ, ವಿದ್ಯುತ್ ಹರಿದರೆ ಸಾಕು. ಡ್ರಿಲ್ಲಿಗೆ ಮಣಿಯದ ಎಕ್ಸ್‌ಟ್ರ್ಯಾಕ್ಟರ್ 25 ನಿಮಿಷದಲ್ಲಿ ಕರಗಿಹೋಯಿತು. ಉಳಿದ ಸಿಪ್ಪೆಯಂಥ ಸ್ಟಡ್ಡನ್ನು ಸೂಜಿಮೊನೆಯ ಕಡ್ಡಿಯಿಂದ ಎಬ್ಬಿಸಿ ತೆಗೆದರು. ತೂತನ್ನು ಅಗಲಿಸಿ, ಹೊಸ ಥ್ರೆಡ್ ಹಾಕಿ, ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿಯಾದ ಹೆಲಿಕಾಯಿಲ್ ಕೂರಿಸಿದರು. ಮತ್ತೆ ಅದೇ 6 ಎಂ.ಎಂ. ಸ್ಟಡ್ ಕೂರುತ್ತದೆ.

ನಾನು ಕೇಳದಿದ್ದರೂ ಇನ್ನೊಂದು ಸ್ಟಡ್ಡನ್ನೂ ಪರೀಕ್ಷಿಸಿದರು. ಅದೂ ಸವೆದಿತ್ತು. ಹೆಡ್ ಕಾಯಿಸಿ, ಸ್ಟಡ್ಡಿಗೆ ಎರಡು ನಟ್ ಹಾಕಿ ಒಂದಕ್ಕೊಂದು ಬಿಗಿದು, ಒಳಗಿನ ನಟ್ಟನ್ನು ತಿರುಗಿಸಿದರು. ಸಲೀಸಾಗಿ ಬಂತು.

ಬರ್ನಿಂಗ್‌ಗೆ 500, ಹೆಲಿಕಾಯಿಲ್‌ಗೆ 200. ಕೈಬರಹದ ಬಿಲ್ ಕೊಟ್ಟರು. ಈ ಕೆಲಸಕ್ಕೆ ಇದು ನ್ಯಾಯವಾದ ಬೆಲೆ.

ಕೊರತೆಗಳೂ ಇವೆ. ನಾಲ್ಕು ಗಂಟೆಗೆ ಬನ್ನಿ ಎಂದವರು ಹೆಡ್ಡನ್ನು ಕೈಗೆತ್ತಿಕೊಂಡದ್ದು ಆರರ ಮೇಲೆ. ಕಾರ್ಖಾನೆಯ ಕೆಲಸ ಮುಗಿಯುವವರೆಗೆ ನಮ್ಮಂಥವರು ಕಾಯಬೇಕು, ಕೂರಲು ಜಾಗವಿಲ್ಲ. ಅದಕ್ಕಿಂತ ಮುಖ್ಯವಾದದ್ದು: ಕಿಡಿಯ ಕಪ್ಪು ಕೆಸರು ಎಕ್ಸಾಸ್ಟ್ ಪೋರ್ಟ್ ಮತ್ತು ವಾಲ್ವ್ ಸುತ್ತ ಉಳಿದಿತ್ತು. ತೊಳೆದು ಜೋಡಿಸಿ ಎಂದು ಅವರು ಎಚ್ಚರಿಸಲಿಲ್ಲ. ಮನೆಯಲ್ಲಿ ಮೂರು ಸಲ ತೊಳೆದ ಮೇಲೂ ಬಿಳಿ ಬಟ್ಟೆಗೆ ಕಪ್ಪು ಹತ್ತುತ್ತಿತ್ತು. ಹಾಗೆಯೇ ಜೋಡಿಸಿದ್ದರೆ ಆ ಪುಡಿ ಎಂಜಿನ್ನನ್ನೇ ತಿನ್ನುತ್ತಿತ್ತು. ಹೆಡ್ ಒಯ್ಯುವವರು ಇದನ್ನು ಮರೆಯಬೇಡಿ, ಹೊಸ ಹೆಡ್ ಗ್ಯಾಸ್ಕೆಟ್ಟನ್ನೂ ಮೊದಲೇ ತಂದಿಟ್ಟುಕೊಳ್ಳಿ.

ಹೊಸ ಸ್ಟಡ್‌ಗಳಿಗೆ ತಾಮ್ರದ ಗ್ರೀಸ್ ಸವರಿ ಹಿತ್ತಾಳೆ ನಟ್ ಹಾಕಿದ್ದೇನೆ. ಹಿತ್ತಾಳೆ ಉಕ್ಕಿನ ಹಾಗೆ ತುಕ್ಕು ಹಿಡಿದು ಕಚ್ಚುವುದಿಲ್ಲ. 300 ಕಿ.ಮೀ. ಓಡಿಸಿದ ಮೇಲೆ ಪರೀಕ್ಷೆಗೆಂದು ಬಿಚ್ಚಿದೆ. ಸ್ಪ್ಯಾನರಿಗೆ ಅರ್ಧ ಸುತ್ತು, ಆಮೇಲೆ ಎರಡೂ ನಟ್ ಬೆರಳಲ್ಲೇ ಬಂದವು.