ಬೈಕ್ ಕಪ್ಲರ್ ಕೆಲಸಕ್ಕೆ ಯಾವ ಕ್ರಿಂಪರ್, ಯಾವ ಪಿನ್ ಎಕ್ಸ್‌ಟ್ರ್ಯಾಕ್ಟರ್?

ಹಿಡಿಯ ಹತ್ತಿರ ಕೆಂಪು, ನೀಲಿ, ಹಳದಿ ಚುಕ್ಕಿ ಇರುವ ಕ್ರಿಂಪಿಂಗ್ ಪ್ಲೈಯರ್ (ವೈರಿನ ತುದಿಗೆ ಲೋಹದ ಟರ್ಮಿನಲ್ಲನ್ನು ಒತ್ತಿ ಕೂರಿಸುವ ಇಕ್ಕಳ) ಬಹುತೇಕ ಎಲ್ಲರ ಟೂಲ್‌ಬಾಕ್ಸಿನಲ್ಲೂ ಇರುತ್ತದೆ. ಬೈಕಿನ ಕಪ್ಲರ್, ಅಂದರೆ ವೈರುಗಳನ್ನು ಒಂದಕ್ಕೊಂದು ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರಿನ ಪಿನ್ನಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಪ್ಲಾಸ್ಟಿಕ್ ಸ್ಲೀವ್ ಇರುವ ಟರ್ಮಿನಲ್ಲನ್ನು ಚಪ್ಪಟೆ ಮಾಡುವುದಷ್ಟೇ ಅದರ ಕೆಲಸ. ಕಪ್ಲರಿನೊಳಗಿರುವುದು ಓಪನ್ ಬ್ಯಾರೆಲ್ ಪಿನ್. ಅದರ ಹಿಂಭಾಗದಲ್ಲಿ ಎರಡು ಜೋಡಿ ರೆಕ್ಕೆಗಳಿರುತ್ತವೆ. ಮುಂದಿನ ಜೋಡಿ ತಾಮ್ರದ ಎಳೆಗಳನ್ನು ಹಿಡಿಯಬೇಕು, ಹಿಂದಿನ ಜೋಡಿ ಇನ್ಸುಲೇಶನ್ನನ್ನು. ಮುಂದಿನ ಜೋಡಿಯ ರೆಕ್ಕೆಗಳೆರಡೂ ನಡುವೆ ಸೇರಿ, ಒಳಮುಖವಾಗಿ ಸುರುಳಿ ಸುತ್ತಿ ಎಳೆಗಳೊಳಗೆ ಇಳಿಯಬೇಕು. ಹಾಗಾಗಬೇಕಾದರೆ ಅಚ್ಚಿನ ಒಂದು ಬದಿಯಲ್ಲಿ ಹೃದಯದ ಆಕಾರದ ಜೋಡಿ ಕಮಾನು ಇರಲೇಬೇಕು. ಟೂಲ್ ಕೊಳ್ಳುವಾಗ ಬ್ರ್ಯಾಂಡಿಗಿಂತ ಮೊದಲು ಈ ಕಮಾನು ನೋಡಿ.

ಅದಕ್ಕೂ ಮೊದಲು ನಿಮ್ಮ ಪಿನ್ ಯಾವುದೆಂದು ಅಳೆದುಕೊಳ್ಳಿ. ಜಪಾನಿ ಬೈಕುಗಳಲ್ಲಿ ಹೆಚ್ಚಾಗಿ ಕಾಣುವ 090 ಸರಣಿಯ ಪಿನ್ನಿನ ಅಗಲ 2.3 ಮಿ.ಮೀ. 110 ಎಂದರೆ 2.8, 250 ಎಂದರೆ 6.3. ಇಂಡಿಕೇಟರ್, ಸ್ವಿಚ್ಚುಗಳಿಗೆ 0.5ರಿಂದ 0.85 ಚದರ ಮಿ.ಮೀ. ವೈರ್ ಸಾಮಾನ್ಯ, ಚಾರ್ಜಿಂಗ್ ಕಡೆ 2 ಅಥವಾ ಅದಕ್ಕಿಂತ ದಪ್ಪ. ಒಂದೇ ಟೂಲ್ ಈ ಎರಡು ತುದಿಗಳನ್ನೂ ನಿಭಾಯಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ರಾಟ್ಚೆಟ್ ಇರುವ ಕ್ರಿಂಪರುಗಳಲ್ಲಿ ಐವಿಸ್ ಕಂಪನಿಯ ಎಸ್‌ಎನ್-28ಬಿ 0.1ರಿಂದ 1.0 ಚದರ ಮಿ.ಮೀ. ವೈರಿನವರೆಗೆ ಸಾಕು. ಅದಕ್ಕಿಂತ ದಪ್ಪಕ್ಕೆ, ಅಂದರೆ 1.5ರವರೆಗೆ, ಎಸ್‌ಎನ್-48ಬಿ. ಒತ್ತುವುದು ಪೂರ್ತಿಯಾಗುವ ತನಕ ಬಾಯಿ ಬಿಡದಿರುವುದೇ ರಾಟ್ಚೆಟ್ಟಿನ ಲಾಭ. ಅರೆಬರೆ ಕ್ರಿಂಪ್ ಆಗುವ ಪ್ರಶ್ನೆಯೇ ಇಲ್ಲ. ಆದರೆ ಇದರಲ್ಲೊಂದು ತೊಡಕಿದೆ. ಎರಡು ಜೋಡಿ ರೆಕ್ಕೆಗಳನ್ನೂ ಒಂದೇ ಸಲ ಒತ್ತುವುದರಿಂದ ನಿಮ್ಮ ವೈರಿನ ಇನ್ಸುಲೇಶನ್ ದಪ್ಪ ಅಚ್ಚಿನ ಲೆಕ್ಕಕ್ಕೆ ಹೊಂದದಿದ್ದರೆ ಹಿಂದಿನ ರೆಕ್ಕೆ ಒಳಗಿನ ತಾಮ್ರದವರೆಗೂ ಕಚ್ಚಿಬಿಡುತ್ತದೆ, ಇಲ್ಲವೇ ಸಡಿಲವಾಗಿ ಉಳಿಯುತ್ತದೆ. ಹೊಸ ಟೂಲ್ ಬಂದ ಕೂಡಲೇ ನಾಲ್ಕೈದು ಪಿನ್ ಹಾಳುಮಾಡಿ ನೋಡುವುದು ಒಳ್ಳೆಯದು. ಒತ್ತಡ ಹೆಚ್ಚುಕಡಿಮೆ ಮಾಡಲು ಪಕ್ಕದಲ್ಲಿ ಸಣ್ಣ ಹಲ್ಲುಚಕ್ರವಿದೆ, ಅದನ್ನು ಒಂದೊಂದೇ ಹಲ್ಲು ತಿರುಗಿಸಿ.

ಜಪಾನಿನ ‘ಎಂಜಿನಿಯರ್’ ಎಂಬ ಕಂಪನಿಯ ಪಿಎ-09 ಕ್ರಿಂಪರಿಗೆ ರಾಟ್ಚೆಟ್ ಇಲ್ಲ, ಆದರೂ ನನ್ನ ಮತ ಅದಕ್ಕೇ. 1.0, 1.4, 1.6, 1.9 ಮಿ.ಮೀ. ಅಚ್ಚುಗಳಿವೆ, ತಾಮ್ರವನ್ನು ಒಂದು ಅಚ್ಚಿನಲ್ಲಿ, ಇನ್ಸುಲೇಶನ್ನನ್ನು ಇನ್ನೊಂದರಲ್ಲಿ ಬೇರೆಬೇರೆ ಒತ್ತಬಹುದು. ಹಾಗಾಗಿ ಕಂಪನಿ ಅಚ್ಚು ಸಿಗದ ಅಪರೂಪದ ಪಿನ್ನಿಗೂ ಹೊಂದಿಸಿಕೊಳ್ಳಬಹುದು. ಇನ್ಸುಲೇಶನ್ ದಪ್ಪಗಿರುವ ಹಳೆಯ ವೈರಿಗೆ 1.9 ಸಾಲುವುದಿಲ್ಲ, ಆಗ ದೊಡ್ಡ ಅಚ್ಚುಗಳಿರುವ ಪಿಎ-21 ನೋಡಬೇಕು. ಎಷ್ಟು ಒತ್ತಬೇಕೆಂಬುದು ಕೈಗೆ ರೂಢಿಯಾಗಬೇಕು ಅನ್ನುವುದೇ ಇದರ ಕೊರತೆ. ನೂರಾರು ಪಿನ್ ಹಾಕುವ ಕೆಲಸವಾದರೆ ಅಂಗೈ ನೋಯುತ್ತದೆ, ಆಗ ರಾಟ್ಚೆಟ್ಟೇ ವಾಸಿ.

ಕ್ರಿಂಪ್ ಸರಿಯಾಗಿದೆಯೇ ಎಂದು ನೋಡಲು ಒಂದು ಭೂತಗನ್ನಡಿ ಸಾಕು. ಎರಡು ಜೋಡಿ ರೆಕ್ಕೆಗಳ ನಡುವಿನ ಕಿಂಡಿಯಲ್ಲಿ ತಾಮ್ರವೂ ಇನ್ಸುಲೇಶನ್ನಿನ ಅಂಚೂ ಎರಡೂ ಕಾಣಬೇಕು. ಮುಂದೆ ಎಳೆಗಳ ತುದಿ ಅರ್ಧದಿಂದ ಒಂದು ಮಿ.ಮೀ. ಹೊರಗಿರಬೇಕು, ಅದಕ್ಕಿಂತ ಹೆಚ್ಚಾದರೆ ಎದುರು ಪಿನ್ನಿಗೆ ಅಡ್ಡ ಬರುತ್ತದೆ. ತಾಮ್ರ ಹಿಡಿದ ರೆಕ್ಕೆಯ ಹಿಂದಿನ ಅಂಚು ಕಹಳೆಯ ಬಾಯಿಯಂತೆ ಸ್ವಲ್ಪ ಅರಳಿರಬೇಕು, ಇಲ್ಲದಿದ್ದರೆ ಆ ಚೂಪಾದ ಅಂಚೇ ಎಳೆಗಳನ್ನು ಕೊಯ್ಯುತ್ತದೆ. ಹೊರಗೆ ತಪ್ಪಿಸಿಕೊಂಡ ಒಂದೇ ಒಂದು ಎಳೆ ಕಂಡರೂ ಕತ್ತರಿಸಿ ಹೊಸದು ಹಾಕಿ. ಕೊನೆಗೆ ಎಳೆದು ನೋಡಿ: ಅಮೆರಿಕದ ಯುಎಲ್ 486ಎ ಮಾನದಂಡದ ಪ್ರಕಾರ 18 ಗೇಜ್ (ಸುಮಾರು 0.8 ಚದರ ಮಿ.ಮೀ.) ವೈರ್ 89 ನ್ಯೂಟನ್, ಅಂದರೆ ಸುಮಾರು 9 ಕೆಜಿ ಎಳೆತ ತಡೆಯಬೇಕು. ಪ್ರಯೋಗಕ್ಕೆ ಹಾಕಿದ ಪಿನ್ನನ್ನು ಲಗೇಜ್ ತೂಗುವ ತಕ್ಕಡಿಗೆ ಸಿಕ್ಕಿಸಿ ಎಳೆದರೆ ತಿಳಿಯುತ್ತದೆ.

ಮೇಲಿಂದ ಸೋಲ್ಡರ್ ಹಾಕಿದರೆ ಗಟ್ಟಿ ಅನ್ನುವವರಿದ್ದಾರೆ. ಸೋಲ್ಡರ್ ಎಳೆಗಳೊಳಗೆ ಹೀರಿಕೊಂಡು ಹೋಗಿ ನಿಂತಲ್ಲಿ ವೈರ್ ಸೆಟೆದುಕೊಳ್ಳುತ್ತದೆ, ಎಂಜಿನ್ ನಡುಕಕ್ಕೆ ಸರಿಯಾಗಿ ಅಲ್ಲೇ ತುಂಡಾಗುತ್ತದೆ. ಕ್ರಿಂಪ್ ಸರಿಯಿದ್ದರೆ ಸೋಲ್ಡರ್ ಬೇಡ, ಸರಿಯಿಲ್ಲದಿದ್ದರೆ ಸೋಲ್ಡರಿನಿಂದ ಸರಿಹೋಗುವುದೂ ಇಲ್ಲ.

ನೀರು ಒಳಹೋಗದಂತೆ ಸೀಲ್ ಇರುವ ಕಪ್ಲರಾದರೆ ರಬ್ಬರ್ ಸೀಲನ್ನು ವೈರಿಗೆ ಮೊದಲೇ ಪೋಣಿಸಿಕೊಳ್ಳಬೇಕು. ಹಿಂದಿನ ರೆಕ್ಕೆ ಸೀಲಿನ ಕುತ್ತಿಗೆಯನ್ನು ಸುತ್ತಬೇಕೇ ಹೊರತು ಸೀಳಬಾರದು. ಅದಕ್ಕೆ ದುಂಡನೆ ಅಚ್ಚು ಬೇಕು, ಮಾಮೂಲಿ ಹೃದಯದ ಆಕಾರ ಇಲ್ಲಿ ಆಗದು. ಡಾಯ್ಚ್ ಬ್ರ್ಯಾಂಡಿನ ಡಿಟಿ ಕಪ್ಲರಿನ ಸಾಲಿಡ್ ಪಿನ್ನಿನ (ರೆಕ್ಕೆಗಳಿಲ್ಲದ, ಗಟ್ಟಿ ಲೋಹದ ದುಂಡು ಪಿನ್) ದಾರಿಯೇ ಬೇರೆ. ಅದಕ್ಕೆ ನಾಲ್ಕು ಕಡೆಯಿಂದ ಚುಚ್ಚಿ ಒತ್ತುವ ಎಚ್‌ಡಿಟಿ-48-00 ತರಹದ ಟೂಲೇ ಆಗಬೇಕು. 16ನೇ ಸೈಜಿನ ಪಿನ್ನಿಗೆ ಇನ್ಸುಲೇಶನ್ 6.4ರಿಂದ 7.9 ಮಿ.ಮೀ. ಸುಲಿಯಿರಿ, ಪಿನ್ನಿನ ಸಣ್ಣ ತೂತಿನಲ್ಲಿ ತಾಮ್ರ ಕಾಣಬೇಕು. ಒಂದೆರಡು ಕಪ್ಲರಿಗಾಗಿ ಇಷ್ಟು ದುಬಾರಿ ಟೂಲ್ ಕೊಳ್ಳುವ ಬದಲು ತಗಡಿನಿಂದ ಮಾಡಿದ ಓಪನ್ ಬ್ಯಾರೆಲ್ ಡಿಟಿ ಪಿನ್ ತರಿಸಿ. ಆದರೆ ಅದರ ಅಳತೆಗೆ ಹೊಂದುವ ಅಚ್ಚು ಬೇಕು.

ಇನ್ನು ಪಿನ್ ಹೊರತೆಗೆಯುವುದು. ಮೂವತ್ತು, ಎಪ್ಪತ್ತು ತುಂಡಿನ ಪಿನ್ ಎಕ್ಸ್‌ಟ್ರ್ಯಾಕ್ಟರ್ ಸೆಟ್ಟುಗಳಲ್ಲಿ ಬಳಕೆಗೆ ಬರುವುದು ಐದಾರು ಮಾತ್ರ, ಅವೂ ಮೆತು ತಗಡಾದರೆ ಮೊದಲ ಸಲಕ್ಕೇ ಬಾಗುತ್ತವೆ. ಸ್ಪ್ರಿಂಗ್ ಸ್ಟೀಲಿನ ಒಂದು ತೆಳು ಚಪ್ಪಟೆ ಅಲಗು, ಒಂದು ಕವಲು ಅಲಗು, ದುಂಡು ಪಿನ್ನಿಗೆ ಒಂದು ಕೊಳವೆ ಇದ್ದರೆ ಹೆಚ್ಚಿನ ಕೆಲಸ ಆಗುತ್ತದೆ. ಪೇಪರ್ ಕ್ಲಿಪ್ ಬೇಡ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಪ್ಲರಿನ ಫೋಟೋ ತೆಗೆದುಕೊಂಡು ಶುರುಮಾಡಿ. ಪಿನ್ನುಗಳ ಸ್ವಂತ ಲಾಕಿನ ಜೊತೆಗೆ ಅವನ್ನೆಲ್ಲ ಒಟ್ಟಿಗೆ ಹಿಡಿದಿಡುವ, ಬೇರೆ ಬಣ್ಣದ ಎರಡನೇ ಲಾಕ್ ಇದ್ದರೆ ಅದು ತೆರೆಯುವವರೆಗೆ ಯಾವ ಪಿನ್ನೂ ಬರದು. ಆಮೇಲೆ ವೈರನ್ನು ಮೊದಲು ಒಳಕ್ಕೆ ತಳ್ಳಿ. ಪಿನ್ನಿನ ಲಾಕಿನ ಮೇಲಿನ ಬಿಗಿ ಸಡಿಲವಾಗುತ್ತದೆ. ಎದುರು ಕಪ್ಲರ್ ಸೇರುವ ಮುಂಬದಿಯಿಂದ ಅಲಗು ತೂರಿಸಿ ಲಾಕ್ ಸರಿಸಿ, ವೈರನ್ನು ನಯವಾಗಿ ಎಳೆಯಿರಿ. ಬರದಿದ್ದರೆ ಬಲ ಹಾಕಬೇಡಿ, ಅಲಗು ತಪ್ಪು ಜಾಗದಲ್ಲಿದೆ ಎಂದರ್ಥ. ಅಲಗು ಹೆಣ್ಣು ಪಿನ್ನಿನ (ಎದುರು ಪಿನ್ ಒಳಗೆ ತೂರುವ ಪಿನ್) ಬಾಯಿಯೊಳಕ್ಕೇ ಹೋದರೆ ಸ್ಪ್ರಿಂಗ್ ಅಗಲವಾಗಿ ಹಿಡಿತ ಹೋಗುತ್ತದೆ. ಕಣ್ಣಿಗೆ ಏನೂ ಕಾಣದು, ಆದರೆ ಚಾರ್ಜಿಂಗನ್ನು ಹಿಡಿತದಲ್ಲಿಡುವ ರೆಗ್ಯುಲೇಟರಿನ ಕಪ್ಲರಿನಲ್ಲಿ 20 ಆಂಪಿಯರ್ ಹರಿಯುವಾಗ 0.02 ಓಮ್ ರೋಧ ಹೆಚ್ಚಿದರೆ ಆ ಒಂದೇ ಪಿನ್ನಿನಲ್ಲಿ 8 ವಾಟ್ ಶಾಖ. ಪ್ಲಾಸ್ಟಿಕ್ ಕಂದಾಗಿ ಕರಗುವುದು ಹೀಗೆಯೇ.

ಲಾಕ್ ಎರಡು ಬಗೆ. 090 ಕಪ್ಲರಿನಲ್ಲಿ ಸಾಮಾನ್ಯವಾಗಿ ಪ್ಲಾಸ್ಟಿಕ್ ನಾಲಿಗೆ ಕಪ್ಲರಿಗೇ ಸೇರಿರುತ್ತದೆ, ಅದನ್ನು ಪಿನ್ನಿನಿಂದ ಆಚೆಗೆ ಎತ್ತಬೇಕು. 250ರಂಥವುಗಳಲ್ಲಿ ಕೊಕ್ಕೆ ಪಿನ್ನಿನ ಮೇಲೇ ಇರುತ್ತದೆ, ಅದನ್ನು ಒಳಕ್ಕೆ ಒತ್ತಬೇಕು. ಇಂಥ ಪಿನ್ನನ್ನು ಮತ್ತೆ ಹಾಕುವ ಮೊದಲು ಚಪ್ಪಟೆಯಾದ ಕೊಕ್ಕೆಯನ್ನು ಚಾಕುವಿನ ಮೊನೆಯಿಂದ ತುಸು ಎತ್ತಿ, ಕ್ಲಿಕ್ ಅನ್ನುವವರೆಗೆ ತಳ್ಳಿ, ವೈರ್ ಹಿಡಿದು ಒಮ್ಮೆ ಹಿಂದಕ್ಕೆ ಎಳೆದು ನೋಡಿ.